ಅರ್ಧಕ್ಕೇ ಹೇಳಿದ ಆಮೆನ್

ಪಾದ್ರಿಗೆ ಸಿಟ್ಟು ಬರಬಾರದು ಎನ್ನುತ್ತಾರೆ. ಎಪ್ಪತ್ತರ ದಶಕದಲ್ಲಿ ನನ್ನ ತಲೆಗೆ ನಾಲ್ಕು ಊರಿನ ಕ್ರೈಸ್ತ ಸಭೆ ಕಟ್ಟಿದವರು ಯಾರೂ ಬಸ್ಸಿಗೆ ಕಾದವರಲ್ಲ. ಮನೆಯೂ ಒಂದು ಸಭೆಯೂ ಚಿತ್ರದುರ್ಗದಲ್ಲಿ; ಉಳಿದಂತೆ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗೆ ಸರದಿ ಮೇಲೆ ಆರಾಧನೆ. ಇಷ್ಟು ತಿರುಗಿ ದಣಿದವನ ಬಾಯಿಂದ ಏನಾದರೊಂದು ಬಂದೇ ಬರುತ್ತದೆ.

ಕೊನೆಯ ಬಸ್ಸು

ಹೊಳಲ್ಕೆರೆಯಲ್ಲಿ ಸಭೆಯ ಹಿರಿಯರೊಬ್ಬರ ಪಡಸಾಲೆಯೇ ನಮ್ಮ ಚರ್ಚು. ಅವರ ಪ್ರಾರ್ಥನೆ ಬಲು ಉದ್ದ. ಒಂದು ಭಾನುವಾರ ರಾಷ್ಟ್ರಪತಿಯಿಂದ ಶುರುಮಾಡಿ ಊರಿನ ಪೋಸ್ಟ್‌ಮ್ಯಾನ್‌ವರೆಗೆ ಬಂದಿದ್ದರು. ಹೊರಗೆ ಕೊನೆಯ ಬಸ್ಸು ಹಾರ್ನ್ ಹೊಡೆಯಿತು. "ಆಮೆನ್! ಸಾಕು ಮಾಡ್ರಿ!" ಎಂದು ಕಿರುಚಿ ಚೀಲ ಎತ್ತಿಕೊಂಡೆ. ಜನವೂ ಎದ್ದು ಹೊರಟರು. ಹಿರಿಯರು ಕಣ್ಣು ಬಿಟ್ಟಾಗ ಎದುರಿಗೆ ಬರೀ ಚಾಪೆ.

ಮುಂದಿನ ಸಲ ಹೋದರೆ ಪಡಸಾಲೆಗೆ ಬೀಗ. ಮೂರು ತಿಂಗಳು ಬೇವಿನ ಮರದ ಕೆಳಗೆ ಆರಾಧನೆ. ಹನ್ನೆರಡು ಜನ ಇದ್ದವರು ಐವರಾದರು. ಸಭೆಯೇ ಮುರಿದುಹೋಗುತ್ತದೆಂದು ಹೆದರಿದೆ. ತಪ್ಪು ನನ್ನದೇ, ಆದರೆ ಹೋಗಿ ಹೇಳಲು ನಾಚಿಕೆ. ಬದಲಿಗೆ ಬೇರೆ ಊರಿನವರಿಗೆ ಕೋಪದ ಬಗ್ಗೆ, ದೀನತೆಯ ಬಗ್ಗೆ ಪಾಠ ಹೇಳತೊಡಗಿದೆ.

ಸಂಜೆಯವರೆಗೆ ರಜ

ಹೊತ್ತು ಮುಳುಗುವುದರೊಳಗೆ ಸಿಟ್ಟು ಬಿಡಬೇಕು ಎಂದು ಹಿರಿಯೂರಿನಲ್ಲಿ ಬೋಧಿಸಿದೆ. ಮುಂದಿನ ಸರದಿಗೆ ಹೋದಾಗ ಸಭೆಯ ಗಂಡ ಹೆಂಡತಿ ಇಬ್ಬರು ಬೆಳಗ್ಗೆಯೇ ಬೀದಿಗೆಲ್ಲ ಕೇಳುವಂತೆ ಜಗಳವಾಡುತ್ತಿದ್ದರು.

"ಹೋದ ಸಲ ಏನು ಹೇಳಿದ್ದೆನಪ್ಪ?" ಎಂದೆ.

ಗಂಡ ತಣ್ಣಗೆ, "ಇನ್ನ ಒಂಬತ್ತು ಗಂಟೆ ಅಯ್ನೋರೆ. ಹೊತ್ತು ಮುಳುಗಾಕೆ ಬಾಳ ಟೈಮ್ ಐತೆ" ಎಂದ.

ಹೆಂಡತಿ, "ಮೊದ್ಲೆಲ್ಲ ಅಂಬಲಿ ಕುಡಿಯೋದ್ರಾಗೆ ಮುಗೀತಿತ್ತು. ನೀವು ಬಂದು ಸಂಜಿ ತಂಕ ಜಗಳಾಡಾಕೆ ರಜ ಕೊಟ್ರಿ" ಎಂದಳು.

ಹೊಸದುರ್ಗದ ಹಿಂದಿನ ಚಾಪೆ

ಹೊಸದುರ್ಗದಲ್ಲಿ ದೀನತೆ ಹೇಳಿಕೊಟ್ಟೆ: ಮುಂದಿನ ಜಾಗಕ್ಕೆ ಆಸೆಪಡಬೇಡಿ, ಕೊನೆಯಲ್ಲಿ ಕೂರಿ. ಮುಂದಿನ ಸಲ ಎಲ್ಲರೂ ಬಾಗಿಲ ಬಳಿಯ ಒಂದೇ ಚಾಪೆಯ ಮೇಲೆ. ಅಲ್ಲೇ ನೂಕುನುಗ್ಗಲು.

"ಮುಂದಕ್ಕೆ ಹೋಗೋ ಲೇ, ನಾನು ನಿನಗಿಂತ ದೀನ!"

"ನೀನ್ಯಾವಾಗ ದೀನ ಆದ್ಯೋ? ನಾನು ಹೋದ ತಿಂಗಳೇ ಆಗೀನಿ!"

ನಾನು ಖಾಲಿ ಚಾಪೆಗಳಿಗೆ ಬೋಧಿಸಿ ಮನೆಗೆ ಬಂದೆ.

ಚೊಂಬು ನೀರು

ಕಡೆಗೆ ಹೊಳಲ್ಕೆರೆಯ ಹಿರಿಯರ ಮನೆಗೇ ಹೋದೆ. ಎಷ್ಟೇ ಸಿಟ್ಟಿದ್ದರೂ ಮನೆಗೆ ಬಂದವರಿಗೆ ಕಾಲಿಗೆ ನೀರು ಕೊಡದೆ ಇರುವವರಲ್ಲ. ಮುಖ ಆ ಕಡೆ ತಿರುಗಿಸಿಕೊಂಡೇ ಚೊಂಬು ಚಾಚಿದರು. ನಾನು ಅದನ್ನು ಇಸಿದುಕೊಂಡು, ಬಗ್ಗಿ, ಅವರ ಕಾಲಿಗೆ ಸುರಿದೆ. "ತಪ್ಪಾತು ನಂದು" ಎಂದೆ.

"ಅಯ್ಯೋ, ಅಯ್ನೋರು ನನ್ನ ಕಾಲು ತೊಳೀಬೌದೇನ್ರಿ!" ಎಂದು ಅವರು ಹಂಡೆಯಿಂದ ಇನ್ನೊಂದು ಚೊಂಬು ತಂದು ನನ್ನ ಕಾಲಿಗೆ ಸುರಿದರು. ನಾನು ಬಿಡಲಿಲ್ಲ, ಅವರೂ ಬಿಡಲಿಲ್ಲ. ಬಾಗಿಲ ಮುಂದೆಲ್ಲ ಕೆಸರು. ನನಗಂತೂ ಅಳು ಬಂತು.

ಅವರ ಹೆಂಡತಿ ಒಳಗಿಂದ ಬಂದು ಹಂಡೆ ನೋಡಿದರು. "ಪೂರಾ ಖಾಲಿ ಮಾಡಿದ್ರಲ್ರೀ! ಮೂರು ಬೀದಿ ಆಚೆಯ ಬಾವಿಯಿಂದ ಹೊತ್ತಾಕಿದ್ದು ನಾನು!" ಎಂದು ಇಬ್ಬರ ಕೈಗೂ ಒಂದೊಂದು ಕೊಡ ಕೊಟ್ಟರು.

ಪಾದ್ರಿಯೂ ಹಿರಿಯರೂ ಹೆಗಲ ಮೇಲೆ ಕೊಡ ಹೊತ್ತು ಬರುವುದನ್ನು ಬೀದಿಯೇ ನಿಂತು ನೋಡಿತು. ದಾರಿಯುದ್ದಕ್ಕೂ ಮಾತಾಡಿದೆವು. ಭಾನುವಾರ ಪಡಸಾಲೆಯ ಬೀಗ ತೆಗೆಯುತ್ತೇನೆಂದರು ಹಿರಿಯರು. ಹಂಡೆಗೆ ನೀರು ಸುರಿದು ಉಸ್ಸೆಂದು ಜಗಲಿ ಮೇಲೆ ಕುಳಿತೆವು.

ಆಯಮ್ಮ ಹಂಡೆಯೊಳಗೆ ಇಣುಕಿ ನೋಡಿ ಹೇಳಿದರು:

"ಇನ್ನ ಅರ್ಧನೂ ತುಂಬಿಲ್ಲ. ಒಳಗೆ ಎಲ್ಲಾದ್ರೂ ಒಂಚೂರು ಸಿಟ್ಟು ಉಳದೈತೇನೋ ನೋಡ್ಕಳ್ರಿ. ಇದ್ರೆ ಇನ್ನೊಂದು ಸಲ ಬಾವಿಗೆ ಹೋಗ್ಬರ್ರಿ."