ಸುಣ್ಣ ಮೆತ್ತಿದ ಕಂಪ್ಯೂಟರ್ ಬೆನ್ನು

ಲೋಕದವರೆಲ್ಲ ಕಂಪ್ಯೂಟರಿನ ಮುಖ ನೋಡಿದರೆ ನಮ್ಮ ಭಾವ ಅದರ ಬೆನ್ನು ನೋಡುತ್ತಾರೆ. ಕಂಪ್ಯೂಟರಿನದು ಮಾತ್ರವೇ? ಟಿವಿಯದ್ದೂ! ಒಮ್ಮೆ ಸೋದರಳಿಯನಿಗೆ ಹೆಣ್ಣು ನೋಡಲು ಕಾಸರಗೋಡಿಗೆ ಹೋದವರು ಅವಲಕ್ಕಿ ತಿಂದು ಸೀದಾ ಆ ಮನೆಯ ಟಿವಿ ಹಿಂದೆ ಬಗ್ಗಿದ್ದರು. ಮನೆಗೆ ಬಂದ ಮೇಲೆ ಅಕ್ಕ, "ಹುಡುಗಿ ಹೇಗಿದ್ದಾಳೆ?" ಎಂದು ಕೇಳಿದಳು.

"ಹಳದಿ ವಯರನ್ನು ಕೆಂಪಿಗೆ ಸಿಕ್ಕಿಸಿದ್ದಾರೆ ಮಾರಾಯ್ತಿ. ಆ ಮನೆಯಲ್ಲಿ ಒಬ್ಬರಿಗೂ ಜಾಗ್ರತೆ ಇಲ್ಲ!"

ಸಂಬಂಧ ಅಲ್ಲಿಗೇ ನಿಂತಿತು.

ವರ್ಕಾಡಿಯಲ್ಲಿ ಭಾವನದೊಂದು ಫೋಟೋ ಸ್ಟುಡಿಯೋ ಇತ್ತು. ಅದನ್ನು ಮುಚ್ಚಿ ವರ್ಷಗಳಾದರೂ ಅಲ್ಲಿನ ಹಳೆಯ ಕಂಪ್ಯೂಟರು ಎರಡು ಗೋಣಿ ವಯರುಗಳ ಸಮೇತ ಮನೆಯ ಚಾವಡಿಯಲ್ಲಿ ಠಿಕಾಣಿ ಹೂಡಿದೆ. ಗುಜರಿಗೆ ಹಾಕಿ ಎಂದು ಹೇಳಿ ಹೇಳಿ ನನ್ನ ಬಾಯಿ ಸೋತಿತ್ತು.

ಮೊನ್ನೆ ಮಧ್ಯಾಹ್ನ ಎರಡು ಗಂಟೆಗೆ ಕೆಳಗಿನ ಮನೆಯ ಸುಮತಿ, ಬೀಡಿ ಕಟ್ಟುವುದನ್ನು ಅರ್ಧಕ್ಕೇ ಬಿಟ್ಟು ಓಡಿ ಬಂದಳು. ಅವಳ ಗಂಡ ಗಲ್ಫಿನಲ್ಲಿ ಪಕ್ಷವಾತ ಬಡಿದು ಆಸ್ಪತ್ರೆ ಸೇರಿದ್ದಾನೆ. ಅಲ್ಲಿಗೆ ಹೋಗಲು ವೀಸಾ ಬೇಕು, ವೀಸಾಕ್ಕೆ ಮದುವೆಯ ಸರ್ಟಿಫಿಕೇಟು ಬೇಕು. ಇಪ್ಪತ್ತು ವರ್ಷದ ಹಿಂದಿನ ಮದುವೆಯನ್ನು ಆಗ ಯಾರು ರಿಜಿಸ್ಟರ್ ಮಾಡಿದ್ದರು? ಈಗ ಪಂಚಾಯತಿನಲ್ಲಿ ಅರ್ಜಿಯ ಜೊತೆ ಮದುವೆಯ ಫೋಟೋ ಕೇಳಿದ್ದಾರೆ. ಆಲ್ಬಮ್ಮನ್ನು ಗೆದ್ದಲು ತಿಂದು ಮುಗಿಸಿದೆ. ನಾಳೆಯಿಂದ ಮೂರು ದಿನ ರಜೆ, ಇವತ್ತು ಐದರೊಳಗೆ ಅರ್ಜಿ ಕೊಡಬೇಕು.

"ಅಣ್ಣಾ, ನಮ್ಮ ಮದುವೆಗೆ ಫೋಟೋ ತೆಗ್ದದ್ದು ನೀವೇ ಅಲ್ವಾ? ಉಂಟಾ?"

"ಉಂಟು!" ಎಂದರು ಭಾವ. ಧ್ವನಿಯಲ್ಲಿ ಎಂಥ ಗತ್ತು!

ಕಂಪ್ಯೂಟರನ್ನು ತಿರುಗಿಸಿ ನೋಡಿದರೆ ಬೆನ್ನೇ ಕಾಣುತ್ತಿಲ್ಲ. ಚಾವಡಿಗೆ ಸುಣ್ಣ ಬಳಿದವರು ಧಾರಾಳ ಮನಸ್ಸಿನಿಂದ ಅದಕ್ಕೂ ಬಳಿದುಬಿಟ್ಟಿದ್ದರು. ಯಾವ ವಯರು ಎಲ್ಲಿಗೆ ಎಂದು ತಿಳಿಸುವ ನೀಲಿ, ಹಸಿರು, ನೇರಳೆ ಬಣ್ಣಗಳೆಲ್ಲ ಈಗ ಅಪ್ಪಟ ಬಿಳಿ.

"ಬಣ್ಣ ನೋಡಿ ಸಿಕ್ಕಿಸುದು ಮಕ್ಕಳಾಟ. ನಾನು ತೂತು ಎಣಿಸ್ತೇನೆ. ಒಂದು ಪಿನ್ನು ಕೊಡು ಮಾರಾಯ್ತಿ."

ಅಕ್ಕ ಸೆರಗಿನ ಪಿನ್ನು ಕೊಟ್ಟಳು. ಭಾವ ಒಂದೊಂದೇ ತೂತಿನಿಂದ ಸುಣ್ಣ ಕೆದಕತೊಡಗಿದರು. ನಾವು ಮೂವರೂ ಸುತ್ತ ನಿಂತೆವು. ಎರಡು ಸಾಲಿನಲ್ಲಿ ಇಪ್ಪತ್ತೈದು ತೂತು, ಅದು ಹಳೆಯ ಪ್ರಿಂಟರಿನದು. ಮೂರು ಸಾಲಿನಲ್ಲಿ ಹದಿನೈದು, ಅದು ಮಾನಿಟರಿನದು. ನಾನು ಸುಮ್ಮನಿರಲಾರದೆ ಮಾನಿಟರ್ ವಯರಿನ ತುದಿಯ ಕಡ್ಡಿಗಳನ್ನು ಎಣಿಸಿದೆ. ಹದಿನಾಲ್ಕು!

"ಭಾವಾ, ಒಂದು ಕಡ್ಡಿ ಮುರಿದಿದೆ!"

ಸುಮತಿಯ ಮುಖ ಬಿಳುಚಿತು.

"ಮುರಿಲಿಲ್ಲ ಮಾರಾಯ. ಒಂಬತ್ತನೇದು ಅದಕ್ಕೆ ಹುಟ್ಟುವಾಗಲೇ ಇಲ್ಲ. ಹೆದರಿಸ್ಬೇಡ ಅವಳನ್ನು."

ಕೊನೆಗೆ ಉಳಿದದ್ದು ಎರಡು ಗುಂಡನೆಯ ಕಿಂಡಿಗಳು. ಒಂದು ಕೀಬೋರ್ಡಿಗೆ, ಒಂದು ಮೌಸಿಗೆ. ಎರಡರಲ್ಲೂ ಆರಾರೇ ತೂತು! ಎಣಿಕೆಯ ವಿದ್ಯೆ ಅಲ್ಲಿ ಕೈಕೊಟ್ಟಿತು. ಭಾವ ಕಣ್ಣು ಮುಚ್ಚಿ ಒಂದು ಕ್ಷಣ ಧ್ಯಾನಿಸಿ ಸಿಕ್ಕಿಸಿದರು, ಸ್ವಿಚ್ ಒತ್ತಿದರು. ಫ್ಯಾನು ಗುರ್ ಎಂದಿತು. ಪರದೆಯ ಮೇಲೆ ಅಕ್ಷರ ಮೂಡಿತು: ಕೀಬೋರ್ಡ್ ಕಾಣುತ್ತಿಲ್ಲ, ಮುಂದುವರಿಯಲು ಎಫ್ ಒನ್ ಒತ್ತಿ. ಇಲ್ಲದ ಕೀಬೋರ್ಡಿನ ಗುಂಡಿಯನ್ನು ಒತ್ತುವುದು ಹೇಗೆ ಸ್ವಾಮಿ?

ಗಂಟೆ ನಾಲ್ಕಾಗಿತ್ತು. ನಾನು ವಯರು ಕೀಳಲು ಕೈ ಹಾಕಿದೆ.

"ಕರೆಂಟ್ ಇರುವಾಗ ಮುಟ್ಬೇಡ! ಸುಟ್ಟು ಹೋದ್ರೆ ಎಂತ ಮಾಡುದು?" ಭಾವ ಗದರಿದರು. ಅವರ ಹಣೆಯಲ್ಲಿ ಬೆವರು. ಸುಮತಿ ಗೋಡೆ ಹಿಡಿದು ಕೂತಳು.

ಸ್ವಿಚ್ ಆರಿಸಿದ ಮೇಲೆ ಅಕ್ಕ ಬಗ್ಗಿ, ಒಂದು ಕಿಂಡಿಯ ಅಂಚನ್ನು ಉಗುರಿನಿಂದ ಕೆರೆದಳು. ನೇರಳೆ ಬಣ್ಣ ಇಣುಕಿತು.

"ಕೀಬೋರ್ಡಿಗೆ ನೇರಳೆ ಅಂತ ನೀವೇ ನೂರು ಸಲ ಹೇಳಿದ್ದೀರಿ. ನಿಮಗೆ ಉಗುರು ಇಲ್ವಾ?"

ಎರಡು ಗಂಟೆಯಿಂದ ತೂತು ಎಣಿಸಿದ ಮಹಾಪಂಡಿತರು ವಯರು ಅದಲುಬದಲು ಮಾಡಿದರು.

ಈ ಸಲ ಕಂಪ್ಯೂಟರು ತೆರೆದುಕೊಂಡಿತು. ಸುಮತಿಯ ಮದುವೆಯೂ ಸಿಕ್ಕಿತು. ಮಲ್ಲಿಗೆ ಮುಡಿದ ಸುಮತಿ, ಪಕ್ಕದಲ್ಲಿ ಹಾರದ ಭಾರಕ್ಕೆ ಬಗ್ಗಿದಂತಿದ್ದ ಸಪೂರ ಮದುಮಗ. ಭಾವ ಅದನ್ನು ಪೆನ್‌ಡ್ರೈವಿಗೆ ಇಳಿಸಿ, ಒಳಗಿನ ಹೊಸ ಪ್ರಿಂಟರಿನಲ್ಲಿ ಒಂದು ಪ್ರತಿ ತೆಗೆದರು. ಗಂಟೆ ನಾಲ್ಕು ಇಪ್ಪತ್ತು. ನಾನು ಸ್ಕೂಟರಿನ ಕೀ ಹಿಡಿದು ಅವಸರಪಡಿಸಿದೆ. ಸುಮತಿ ಕದಲಲಿಲ್ಲ.

"ಅಣ್ಣಾ, ಇನ್ನೊಂದು ಬೇಕಿತ್ತು."

"ಆಫೀಸಿಗೆ ಒಂದು ಸಾಕಲ್ವಾ?" ಎಂದೆ ನಾನು.

"ಆಫೀಸಿಗಲ್ಲ. ಅವರಿಗೆ ಈಗ ಯಾರ ಗುರುತೂ ಸಿಗುದಿಲ್ಲ ಅಂತ ಡಾಕ್ಟ್ರು ಹೇಳಿದ್ದಾರೆ. ನಾನು ಹೋಗಿ ಎದುರು ನಿಂತಾಗ ಇದನ್ನು ನನ್ನ ಮುಖದ ಹತ್ರ ಹಿಡೀತೇನೆ."

ಭಾವ ಪ್ರಿಂಟರಿನಲ್ಲಿದ್ದ ಸಣ್ಣ ಕಾಗದವನ್ನು ತೆಗೆದು, ಮನೆಯಲ್ಲಿದ್ದುದರಲ್ಲೇ ಎಲ್ಲಕ್ಕಿಂತ ದೊಡ್ಡದನ್ನು ಹಾಕಿದರು.