ಒಂದು ‘ಅಂತ’ವನ್ನೂ ಬಿಡದ ನನ್ನ ಷಡ್ಡಕರು

ನನ್ನ ಷಡ್ಡಕರಿಗೆ ಕನ್ನಡದಲ್ಲಿ ಗೊತ್ತಿರುವುದು ಒಂದೇ ಪದ, ‘ಅಂತ’! ಹೀಗಂದರೆ ನನ್ನ ಹೆಂಡತಿಗೆ ಸಿಟ್ಟು. ಅವಳ ಸ್ವಂತ ಅಕ್ಕನ ಗಂಡನಲ್ಲವೇ? ನರಸೀಪುರದ ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. ತೊಂಬತ್ತರ ದಶಕದಲ್ಲಿ ಕಂಪ್ಯೂಟರ್ ಎಂದರೆ ಟೈಪಿಂಗ್ ಎಂದು ಊರೆಲ್ಲ ತಿಳಿದಿದ್ದಾಗ ಈ ಮಹಾನುಭಾವರು ಲಿಸ್ಪ್ ಎಂಬ ಭಾಷೆ ಕಲಿತು ಕೂತಿದ್ದರು. ಪರದೆಯ ತುಂಬ ಬರೀ ಕಂಸಗಳು. ಎತ್ತಿನ ಲಾಳ ಮಾರುವವರ ಪಟ್ಟಿಯೇನೋ ಅಂದುಕೊಂಡೆ.

ನಂಜನಗೂಡಿನಲ್ಲಿ ನನ್ನದು ಹಾರ್ಡ್‌ವೇರ್ ಅಂಗಡಿ. ತಳ್ಳುಗಾಡಿಯಲ್ಲಿ ಮೊಳೆ ಮಾರಿ ಮೇಲೆ ಬಂದವನು ನಾನು. ಹಳೆಯ ಕಂಪ್ಯೂಟರೊಂದನ್ನು ಚೌಕಾಸಿ ಮಾಡಿ, ಮೌಸನ್ನು ಪುಕ್ಕಟೆ ಹಾಕಿಸಿಕೊಂಡು ತಂದೆ. ಯಾವ ಬೋಲ್ಟು ಯಾವ ಗೂಡಿನಲ್ಲಿದೆ ಎಂದು ಹೇಳುವ ಪ್ರೋಗ್ರಾಂ ಬರೆದುಕೊಡಿ ಅಂದೆ ಮೇಷ್ಟ್ರಿಗೆ. ಮೂರು ತಿಂಗಳಾದರೂ ಪತ್ತೆಯಿಲ್ಲ. ಕೇಳಿದರೆ, ಪ್ರೋಗ್ರಾಂ ಬರೆಯುವ ಪ್ರೋಗ್ರಾಂ ಬರೆಯುತ್ತಿದ್ದಾರಂತೆ!

“ಮೇಷ್ಟ್ರೇ, ನಾನು ಕೇಳಿದ್ದು ದೋಸೆ. ನೀವು ಕಾವಲಿ ಎರಕ ಹೊಯ್ಯೋಕೆ ಕೂತಿದ್ದೀರಲ್ಲ?”

“ನಾಳೆ ನೀವು ಪಡ್ಡು ಕೇಳ್ತೀರಿ ಸಾವ್ಕಾರ್ರೇ. ಆಗ ಕಾವಲಿ ತಾನೇ ಗುಳಿ ತೋಡ್ಕೋಬೇಕು.”

ಕೊನೆಗೆ ಬಂದ ಪ್ರೋಗ್ರಾಂ ಇನ್ನೂ ವಿಚಿತ್ರ. ನಿನ್ನೊಳಗೇನಿದೆ ಎಂದು ಕೇಳಿದರೆ ತನ್ನ ಹೊಟ್ಟೆಯೊಳಗಿನದನ್ನೆಲ್ಲ ತಾನೇ ಪರದೆಯ ಮೇಲೆ ಬಿಚ್ಚಿಡುತ್ತಿತ್ತು. ತನ್ನ ಜಾತಕ ತಾನೇ ಓದುವ ಜೋಯಿಸ! ಆದರೆ ಸುಳ್ಳು ಹೇಳಬಾರದು, ಮುಂದೆ ನಾನು ಪೈಪು, ನಲ್ಲಿ ತಂದಿಟ್ಟಾಗ ಅದು ತನ್ನನ್ನು ತಾನೇ ತಿದ್ದಿಕೊಂಡು ಅವನ್ನೂ ಸೇರಿಸಿಕೊಂಡಿತು. ನಿಮಗೊಂದು ಬುದ್ಧಿಮಾತು: ಷಡ್ಡಕರಿಂದ ಪುಕ್ಕಟೆ ಕೆಲಸ ಮಾಡಿಸಿಕೊಳ್ಳುವುದಾದರೆ ಗಡುವು ಹಾಕಬೇಡಿ.

ಇದರ ಗುಟ್ಟೆಲ್ಲ ‘ಅಂತ’ದಲ್ಲಿದೆಯಂತೆ. ‘ಬಾಗಿಲು ತೆಗಿ’ ಅಂದರೆ ತೆಗೆಯಬೇಕು. ‘ಬಾಗಿಲು ತೆಗಿ ಅಂತ’ ಅಂದರೆ ತೆಗೆಯಬೇಕಿಲ್ಲ. ಮಾತು ಕೈಗೆ ಬಂತು. ತಿರುಗಿಸಿ ನೋಡಬಹುದು, ಬಾಗಿಲು ಕಿತ್ತು ಕಿಟಕಿ ಹಾಕಬಹುದು, ಆಮೇಲೆ ನಡೆಸಬಹುದು. ಲಿಸ್ಪಿನಲ್ಲಿ ಮಾತಿನ ಮುಂದೆ ಒಂದು ಪುಟ್ಟ ಗೀಟು ಎಳೆದರೆ ಅದೇ ‘ಅಂತ’. ಹಾಗೆ ಒಂದು ಪ್ರೋಗ್ರಾಮನ್ನು ಇನ್ನೊಂದು ಪ್ರೋಗ್ರಾಮು ಕೈಯಲ್ಲಿ ಹಿಡಿದು ತಿದ್ದುತ್ತದಂತೆ.

ಪ್ರೋಗ್ರಾಮಿನ ಮಾತನ್ನು ಇಷ್ಟು ತಿದ್ದುವವರು ಮನುಷ್ಯರ ಮಾತಿನಲ್ಲಿ ಮಾತ್ರ ಒಂದಕ್ಷರ ಆಚೀಚೆ ಮಾಡುತ್ತಿರಲಿಲ್ಲ. ಒಮ್ಮೆ ಪೇಂಟ್ ಕಂಪನಿಯ ಏಜೆಂಟು ಬಂದಾಗ ನಾನು ಡ್ರಮ್ಮುಗಳ ಹಿಂದೆ ಕೂತು, ಇಲ್ಲ ಅಂತ ಹೇಳಿ ಅಂದೆ. ಮೇಷ್ಟ್ರು ಹೊರಗೆ ಹೋಗಿ, “ಇಲ್ಲ ಅಂತ ಹೇಳಿ ಅಂತ ಹೇಳಿದ್ದಾರೆ” ಅಂದರು! ಜಗಳಕ್ಕೆ ಹೋದರೆ, ಒಂದು ‘ಅಂತ’ ಬಿಟ್ಟಿದ್ದರೆ ಸುಳ್ಳಾಗುತ್ತಿತ್ತಲ್ಲ ಎಂದು ನನಗೇ ಸಮಾಧಾನ ಹೇಳಿದರು.

ಇಂಥವರ ಕೈಯಲ್ಲಿ ನನ್ನ ಹೆಂಡತಿ ಒಂದು ಮಾತು ಹೇಳಿ ಕಳಿಸಿದಳು.

ಅಕ್ಕತಂಗಿ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಕಾರಣ, ಇವಳು ಮಾಡಿದ ಬಸ್ಸಾರು. ನೀರಾಗಿದೆ ಅಂದಿದ್ದಳು ಅಕ್ಕ, ಹತ್ತು ಜನರ ಮುಂದೆ! ಈಗ ಇವಳಿಗೆ ಗರ್ಭಕೋಶದ ಆಪರೇಷನ್ನು, ಮೈಸೂರಿನಲ್ಲಿ. ಅಕ್ಕ ಪಕ್ಕದಲ್ಲಿರಬೇಕು ಎಂಬುದು ಇವಳ ಮುಖದಲ್ಲೇ ಬರೆದಿತ್ತು. ಆದರೆ ಫೋನು ಮುಟ್ಟಳು. ಎಂಥವರನ್ನೂ ಚೌಕಾಸಿಯಲ್ಲಿ ಬಗ್ಗಿಸುವ ನಾನು ಇಬ್ಬರ ಹತ್ತಿರವೂ ಸೋತೆ. ಮೇಷ್ಟ್ರು ನೋಡಿಕೊಂಡು ಹೋಗಲು ಬಂದವರು ಚಪ್ಪಲಿ ಮೆಟ್ಟುವಾಗ ಇವಳು ಅಂದಳು:

“ಭಾವ, ಬಂದ್ರೆ ಬರ್ಲಿ, ಬರ್ದಿದ್ರೆ ನಂಗೇನೂ ಆಗ್ಬೇಕಾಗಿಲ್ಲ ಅಂತ ಹೇಳಿ ಅವಳ್ಗೆ.”

ಆ ಮಾತು ಹಾಗೇ ಹೋಗಿ ಮುಟ್ಟಿದರೆ ಇನ್ನು ಜನ್ಮದಲ್ಲಿ ಅಕ್ಕ ಬರುವುದಿಲ್ಲ. ಹಾಗೇ ಮುಟ್ಟಿಸುವುದೇ ಆ ಮನುಷ್ಯನ ಜಾಯಮಾನ! ಬಸ್‌ಸ್ಟ್ಯಾಂಡಿನವರೆಗೂ ಜೊತೆಯಲ್ಲಿ ನಡೆದು, ಸ್ವಲ್ಪ ಮೆತ್ತಗೆ ಹೇಳಿ ಅಂತ ಅಂಗಲಾಚಿದೆ. ಅವರು ಟಿಕೆಟ್ಟಿಗೆ ಚಿಲ್ಲರೆ ಎಣಿಸಿಕೊಂಡು ಬಸ್ಸು ಹತ್ತಿದರು.

ಆಪರೇಷನ್ನಿನ ಬೆಳಿಗ್ಗೆ ವಾರ್ಡಿನ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಹಿಂದೆ ಫ್ಲಾಸ್ಕು ಹಿಡಿದ ಮೇಷ್ಟ್ರು.

“ಯಾಕ್ ಬಂದೆ?” ಅಂದಳು ಇವಳು, ಗೋಡೆಯ ಕಡೆ ತಿರುಗಿಕೊಂಡು.

“ಭಯ ಆಯ್ತದೆ, ಅಕ್ಕ ಬರ್ಲಿ ಅಂತ ಹೇಳ್ಕಳಿಸಿದ್ಯಂತಲ್ಲೇ.”

ಇವಳು ತಟ್ಟನೆ ಮೇಷ್ಟ್ರ ಕಡೆ ನೋಡಿದಳು. ನಾನೂ ನೋಡಿದೆ. ಅವರು ಫ್ಲಾಸ್ಕಿನ ಮುಚ್ಚಳವನ್ನು ಸುಮ್ಮನೆ ತಿರುಗಿಸುತ್ತಿದ್ದರು.

“ಹೂಂ,” ಅಂದಳು ನನ್ನ ಹೆಂಡತಿ. “ಹೇಳ್ಕಳಿಸಿದ್ದೆ.”

ಹೇಳಿ, ಮಂಚದಲ್ಲಿ ಸರಿದು ಅಕ್ಕನಿಗೆ ಜಾಗ ಮಾಡಿದಳು.