ಆರುನೂರು ಚದರಡಿಗೆ ಒಂದು ಮಾತು

ಮಂದಾರ ಬಡಾವಣೆಯ ನಿವೇಶನದಾರರ ಸಂಘದ ಉಪನಿಯಮ ಹದಿನಾಲ್ಕರ ಪ್ರಕಾರ, ರಾಜ್ಯೋತ್ಸವದ ನಾಟಕದಲ್ಲಿ ಪ್ರತಿ ಆರುನೂರು ಚದರಡಿ ನಿವೇಶನಕ್ಕೆ ಒಂದು ಮಾತು ದೊರೆಯುತ್ತದೆ. ಇಪ್ಪತ್ತು-ಮೂವತ್ತಡಿ ನಿವೇಶನದವರಿಗೆ ಒಂದು, ಮೂವತ್ತು-ನಲವತ್ತರವರಿಗೆ ಎರಡು, ನಲವತ್ತು-ಅರವತ್ತರವರಿಗೆ ನಾಲ್ಕು. ಬಾಡಿಗೆದಾರರು ಮಾತಿಲ್ಲದ ಪಾತ್ರ ವಹಿಸಬಹುದು.

ನಿಯಮಕ್ಕೆ ಕಾರಣವಿತ್ತು. ಹಿಂದಿನ ವರ್ಷ ಇಪ್ಪತ್ತು-ಮೂವತ್ತರ ಮನೆಯವರೊಬ್ಬರು ರಾಜನಾಗಿ ಮುಕ್ಕಾಲು ಗಂಟೆ ಮಾತಾಡಿದರು. ನಲವತ್ತು-ಅರವತ್ತರ ಮೂಲೆ ನಿವೇಶನದ ಗುರುಚರಣ್ ಅಷ್ಟೂ ಹೊತ್ತು ಈಟಿ ಹಿಡಿದು ನಿಂತಿದ್ದರು. ಮರುವರ್ಷ ಗುರುಚರಣ್ ಸಂಘದ ಅಧ್ಯಕ್ಷರಾದರು.

ನಿರ್ದೇಶಕರಾಗಿ ನಿವೃತ್ತ ಗಣಿತದ ಮೇಷ್ಟ್ರು ಉಪೇಂದ್ರ ನೇಮಕವಾದರು. ನಾಟಕ ಅವರ ಹೆಂಡತಿ ಪಂಕಜಾ ಬರೆದದ್ದು. ಬರೆದು ಮುಗಿಸಿದ ಮೂರು ತಿಂಗಳಿಗೆ ಆಕೆ ತೀರಿಕೊಂಡರು. ಅದಕ್ಕೂ ಎರಡು ವರ್ಷವಾಗಿತ್ತು. ನಾಲ್ಕೇ ಪಾತ್ರ, ಅರವತ್ತೆಂಟು ಮಾತು. ಒಂದು ಮನೆಯವರು ಊಟಕ್ಕೆ ಕೂತು ಯಾರಿಗೋ ಕಾಯುತ್ತಾರೆ. ಕಡೆಯಲ್ಲಿ ಅಜ್ಜಿ, "ಬಾಗಿಲು ಹಾಕಬೇಡಿ, ಇನ್ನೊಬ್ಬರು ಬರೋದಿದೆ" ಅನ್ನುತ್ತಾಳೆ. ಅಲ್ಲಿಗೆ ಪರದೆ. ಆ ಒಂದು ಮಾತನ್ನು ವೇದಿಕೆಯಿಂದ ಒಮ್ಮೆ ಕೇಳಬೇಕೆಂಬುದಷ್ಟೇ ಉಪೇಂದ್ರರ ಆಸೆ.

ಅವರು ಕೂತು ಹಂಚಿದರು. ಮೂವತ್ತು ನಿವೇಶನ, ಅರವತ್ತೆಂಟು ಮಾತು. ಲೆಕ್ಕ ಒಂದೂ ಹೆಚ್ಚುಕಡಿಮೆಯಾಗದೆ ಸರಿಹೋಯಿತು. ಅಪ್ಪನ ಪಾತ್ರ ಹನ್ನೊಂದು ಮಂದಿಗೆ ಬಂತು, ಅವರಲ್ಲಿ ನಾಲ್ವರು ಹೆಂಗಸರು. ಕೊನೆಯ ಮಾತನ್ನು ಉಪೇಂದ್ರ ಬೇಕೆಂದೇ ಮೂವತ್ತನೇ ನಿವೇಶನಕ್ಕೆ, ಅಂದರೆ ತಮ್ಮ ಮನೆಗೆ, ಉಳಿಸಿಕೊಂಡರು.

ಕಾರ್ಯದರ್ಶಿ ಸಂಯುಕ್ತಾ ಪಟ್ಟಿಯನ್ನು ರಿಜಿಸ್ಟರಿನ ಪಕ್ಕ ಇಟ್ಟು ಬೆರಳಾಡಿಸಿದರು.

"ಸರ್, ಮೂವತ್ತನೇದರ ಖಾತೆ ಪಂಕಜಾ ಮೇಡಂ ಹೆಸರಲ್ಲಿದೆ."

"ಹೌದು."

"ಹಾಗಾದ್ರೆ ಮಾತು ಅವರದು. ಅವರೇ ಬಂದು ಹೇಳ್ಬೇಕು."

"ಅವಳು ಹೋಗಿ ಎರಡು ವರ್ಷ ಆಯ್ತಲ್ಲಮ್ಮ. ನೀವೂ ಬಂದಿದ್ರಿ."

"ನಾನು ಪರ್ಸನಲ್ ಆಗಿ ಬಂದಿದ್ದೆ ಸರ್. ಸಂಘಕ್ಕೆ ಇನ್ನೂ ತಿಳಿಸಿಲ್ಲ ನೀವು. ಖಾತೆ ಬದಲಾಯಿಸಿ ಒಂದು ಜೆರಾಕ್ಸ್ ಕೊಡಿ, ಸಾಕು. ಅವರ ಹೆಸರು ಹೊಡೆದು ನಿಮ್ಮದು ಬರ್ಕೋತೀನಿ."

ಖಾತೆ ಬದಲಾವಣೆಯ ಅರ್ಜಿ ಉಪೇಂದ್ರರ ಮೇಜಿನ ಡ್ರಾಯರಿನಲ್ಲಿ ಎರಡು ವರ್ಷದಿಂದ ಇತ್ತು. ಎಲ್ಲ ಕಾಲಂಗಳನ್ನೂ ತುಂಬಿದ್ದರು. ಸಹಿ ಮಾತ್ರ ಬಾಕಿ. ಅವರು ಆ ದಿನವೂ ಡ್ರಾಯರು ತೆರೆದು ನೋಡಿ, ಪೆನ್ನಿನ ಮುಚ್ಚಳ ಹಾಕಿದರು.

ನಿರ್ದೇಶನಕ್ಕೆ ಮಾತ್ರ ಅಡ್ಡಿಯಾಗಲಿಲ್ಲ. ನಿರ್ದೇಶಕರು ವೇದಿಕೆಯ ಮೇಲೆ ಜಾಗ ಆಕ್ರಮಿಸುವುದಿಲ್ಲವಾದ್ದರಿಂದ ಅವರಿಗೆ ನಿವೇಶನದ ಅಗತ್ಯವಿಲ್ಲವೆಂದು ಸಮಿತಿ ತೀರ್ಮಾನಿಸಿತು.

ತಾಲೀಮು ಸಮುದಾಯ ಭವನದಲ್ಲಿ ಶುರುವಾಯಿತು. ಕಟ್ಟಡಗಳಿಗಿರುವಂತೆ ನಟರ ನಡುವೆಯೂ ಮೂರಡಿ ಸೆಟ್‌ಬ್ಯಾಕ್ ಕಡ್ಡಾಯವಾಗಿದ್ದರಿಂದ, ಜ್ವರ ಬಂದ ಗಂಡನ ಹಣೆಯನ್ನು ಹೆಂಡತಿ ಕೊಡೆಯ ತುದಿಯಿಂದ ಮುಟ್ಟಿ ನೋಡಿದಳು. ಗುರುಚರಣ್ ತಮ್ಮ ನಾಲ್ಕು ಮಾತುಗಳನ್ನೂ ಎರಡೆರಡು ಸಲ ಹೇಳಿದರು.

"ಒಂದ್ಸಲ ಸಾಕು ಸರ್," ಎಂದರು ಉಪೇಂದ್ರ.

"ನಂದು ಕಾರ್ನರ್ ಸೈಟು ಕಣ್ರೀ ಮೇಷ್ಟ್ರೇ. ಎರಡು ರಸ್ತೆಗೂ ಮುಖ ಇದೆ."

ಇಡೀ ಬಡಾವಣೆಯಲ್ಲಿ ನಟನೆ ಬರುತ್ತಿದ್ದದ್ದು ಸಂಗಪ್ಪನಿಗೆ. ಊರಲ್ಲಿದ್ದಾಗ ಹತ್ತು ವರ್ಷ ಬಯಲಾಟದಲ್ಲಿ ಕುಣಿದವನು. ಈಗ ಗೊರಗುಂಟೆಪಾಳ್ಯದ ಒಂದು ಕಾರ್ಖಾನೆಯಲ್ಲಿ ಕೆಲಸ, ಇಲ್ಲಿ ಬಾಡಿಗೆ ಮನೆ. ಅವನಿಗೆ ಬಾಗಿಲಿನ ಪಾತ್ರ ಕೊಡಲಾಯಿತು. ತೋಳು ಚಾಚಿದರೆ ಬಾಗಿಲು ಹಾಕಿದಂತೆ, ಇಳಿಸಿದರೆ ತೆರೆದಂತೆ.

"ಬ್ಯಾಸರಾ ಆತೇನಪಾ?" ಎಂದು ಉಪೇಂದ್ರ ಅವನ ಧಾಟಿಯಲ್ಲೇ ಕೇಳಿದರು.

"ಯಾಕ್ರೀ ಸರ? ಎಲ್ಲಾರೂ ನನ್ನ ದಾಟೇ ಒಳಗ ಬರಬೇಕಲ್ರೀ," ಎಂದ ಸಂಗಪ್ಪ.

ದಿನವೂ ತಾಲೀಮಿಗೆ ಮುಂಚೆ ಸಂಯುಕ್ತಾ ಹಾಜರಿ ಕರೆಯುತ್ತಿದ್ದರು. ಕೊನೆಗೆ "ಮೂವತ್ತು, ಪಂಕಜಾ" ಎನ್ನುವರು. ಮೊದಲ ದಿನ ಎಲ್ಲರೂ ತಲೆ ತಗ್ಗಿಸಿದರು. ಮೂರನೆಯ ದಿನ, ಪಂಕಜಾರಿಗೆಂದು ಬಿಟ್ಟಿದ್ದ ಕುರ್ಚಿಯಲ್ಲಿ ಚೀಲ ಇಟ್ಟಿದ್ದವರೊಬ್ಬರು ಅದನ್ನು ತೆಗೆದು ನೆಲಕ್ಕಿಟ್ಟರು. ಒಂದು ವಾರದ ಮೇಲೆ ಸಮಿತಿಯಿಂದ ಪಂಕಜಾ ಹೆಸರಿಗೆ ನೋಟಿಸು ಬಂತು: "ಸತತ ಏಳು ತಾಲೀಮುಗಳಿಗೆ ಗೈರುಹಾಜರಾದ ಕಾರಣ ತಮ್ಮ ಮಾತನ್ನು ಏಕೆ ರದ್ದುಪಡಿಸಬಾರದೆಂದು ಲಿಖಿತ ವಿವರಣೆ ನೀಡತಕ್ಕದ್ದು." ಉಪೇಂದ್ರ ದುಂಡಗಿನ ಅಕ್ಷರದಲ್ಲಿ ಉತ್ತರಿಸಿದರು: "ಖಾತೆದಾರರಿಗೆ ಮಾತು ಬಾಯಿಪಾಠವಿದೆ. ಬರೆದವರು ಅವರೇ." ಸಮಿತಿ ಇದನ್ನು ಒಪ್ಪಿ, ಕೊನೆಯ ಮಾತಿಗೆ ಹನ್ನೆರಡು ಸೆಕೆಂಡು ಕಾಯ್ದಿರಿಸಿತು.

ಪ್ರದರ್ಶನದ ದಿನ ಸ್ವಾಗತ, ಸನ್ಮಾನ, ವಂದನಾರ್ಪಣೆ ಎರಡೂವರೆ ಗಂಟೆ ಹಿಡಿದವು, ನಾಟಕ ಆಮೇಲೆ. ಹನ್ನೊಂದು ಅಪ್ಪಂದಿರು ಒಬ್ಬರ ಹಿಂದೆ ಒಬ್ಬರು ಬಂದು ಹಸಿವಾಗಿದೆ ಎಂದರು. ಗುರುಚರಣ್ ಎರಡು ರಸ್ತೆಗೂ ಮಾತಾಡಿದರು. ಅರವತ್ತೇಳು ಮಾತು ಮುಗಿದು, ಸಂಯುಕ್ತಾ ಪಕ್ಕದಿಂದ ಗಡಿಯಾರ ಹಿಡಿದರು.

ಅಜ್ಜಿಯ ಖಾಲಿ ಮಣೆಯ ಮೇಲೆ ಬೆಳಕು ಬಿತ್ತು. ಯಾರೂ ಬರಲಿಲ್ಲ. ಮುನ್ನೂರು ಜನ ಆ ಮಣೆಯನ್ನೇ ನೋಡುತ್ತ ಕೂತಿದ್ದರು. ಆ ಬಡಾವಣೆಯಲ್ಲಿ ಹನ್ನೆರಡು ಸೆಕೆಂಡು ಎಲ್ಲರೂ ಒಟ್ಟಿಗೆ ಸುಮ್ಮನಿದ್ದದ್ದು ಅದೇ ಮೊದಲು.

"ಆಯ್ತು, ಟೈಮ್ ಆಯ್ತು," ಗುರುಚರಣ್ ಪಿಸುಗುಟ್ಟಿದರು. "ಏಯ್ ಸಂಗಪ್ಪ, ಬಾಗಿಲು ಹಾಕಯ್ಯಾ!"

ಸಂಗಪ್ಪ ತೋಳು ಚಾಚಲಿಲ್ಲ. ಸಭೆಯ ಕಡೆಯ ಸಾಲಿಗೂ ಕೇಳುವ ಬಯಲಾಟದ ಗಂಟಲಲ್ಲಿ ಹೇಳಿದ: "ಬಾಗಲಾ ಹಾಕಬ್ಯಾಡ್ರಿ ಅಂತ ಅಕ್ಕಾರು ಬರದಾರ್ರೀ. ಇನ್ನೊಬ್ಬರು ಬರೋದೈತಿ."

ಉಪೇಂದ್ರ ಪರದೆಯ ಹಗ್ಗ ಹಿಡಿದು ನಿಂತಿದ್ದರು. ಎಳೆಯುವುದು ಮರೆತುಹೋಯಿತು.

ಬಾಡಿಗೆದಾರ ಮಾತಾಡಿದ್ದರ ಬಗ್ಗೆ ಸಮಿತಿ ಮರುದಿನವೇ ತುರ್ತುಸಭೆ ಸೇರಿತು. ಸಂಗಪ್ಪ ಮಾತಾಡಿದ್ದು ಬಾಗಿಲಾಗಿ, ಬಾಗಿಲು ಮಾತಾಡಬಾರದೆಂದು ಉಪನಿಯಮದಲ್ಲಿ ಎಲ್ಲಿಯೂ ಇಲ್ಲ ಎಂದು ಉಪೇಂದ್ರ ತೋರಿಸಿಕೊಟ್ಟರು. ಖಾತೆದಾರರು ಬಾರದಿದ್ದುದರಿಂದ ಅವರ ಮಾತು ಬಳಕೆಯಾಗಿಲ್ಲವೆಂದೂ, ಅದನ್ನು ಮುಂದಿನ ವರ್ಷಕ್ಕೆ ಹಾಗೆಯೇ ಮುಂದುವರಿಸುವುದೆಂದೂ ಠರಾವಾಯಿತು. ನಾಟಕ ಮುಗಿದಿಲ್ಲವಾದ್ದರಿಂದ ಬೇರೆ ನಾಟಕ ಹುಡುಕುವ ಪ್ರಶ್ನೆಯೂ ಏಳಲಿಲ್ಲ.

ಈ ವರ್ಷದ ತಾಲೀಮು ಮೊನ್ನೆ ಶುರುವಾಯಿತು. ಪಂಕಜಾರ ಕುರ್ಚಿಯನ್ನು ಯಾರೋ ಒರೆಸಿಟ್ಟಿದ್ದರು. ಸಂಯುಕ್ತಾ ಹಾಜರಿ ಕರೆಯುತ್ತ ಕಡೆಯ ಹೆಸರಿಗೆ ಬಂದರು.

"ಮೂವತ್ತು, ಪಂಕಜಾ."

"ಬರ್ತಾಳೆ," ಎಂದರು ಉಪೇಂದ್ರ.

"ಸ್ವಲ್ಪ ಬೇಗ ಬರೋಕೆ ಹೇಳ್ರೀ ಮೇಷ್ಟ್ರೇ," ಎಂದರು ಗುರುಚರಣ್. ಸಂಯುಕ್ತಾ ಅದನ್ನೂ ರಿಜಿಸ್ಟರಿನಲ್ಲಿ ಬರೆದುಕೊಂಡರು.